ಹೊನ್ನವಳ್ಳಿಗೆ ಹೋದ ಕೋಟು

ಮದುವೆಯ ವಯಸ್ಸು ಬರುವವರೆಗೂ ನನ್ನ ಶರೀರದ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ. ಎರಡು ಕೈ, ಎರಡು ಕಾಲು, ಮೇಲೊಂದು ತಲೆ, ಎಲ್ಲವೂ ಇರಬೇಕಾದ ಜಾಗದಲ್ಲೇ ಇದ್ದವು. ನಡುವೆ ಇರಬೇಕಾದ ಮಾಂಸ ಮಾತ್ರ ಬರುವುದನ್ನು ಮರೆತಿತ್ತು. ತುರುವೇಕೆರೆಯಲ್ಲಿ ನನ್ನದೊಂದು ಟಿ.ವಿ. ರಿಪೇರಿ ಅಂಗಡಿ. ಮನೆಮನೆಯ ಮೇಲೂ ಆಂಟೆನಾ ನೆಟ್ಟಿದ್ದ ಕಾಲ ಅದು. ಗಾಳಿಗೆ ತಿರುಗಿದ ಆಂಟೆನಾ ಸರಿಮಾಡಲು ನಾನು ಹತ್ತಿದರೆ ಒಂದು ಹೆಂಚೂ ಒಡೆಯುತ್ತಿರಲಿಲ್ಲ. ಕೆಳಗೆ ನಿಂತವರಿಗೆ ಆಂಟೆನಾ ಯಾವುದು, ಚಂದ್ರು ಯಾವುದು ಎಂದು ತಿಳಿಯುತ್ತಿರಲಿಲ್ಲ, ಅಷ್ಟೇ!

ತಕರಾರು ಶುರುವಾದದ್ದು ನನಗೆ ಹೆಣ್ಣು ಹುಡುಕಲು ಹೊರಟಾಗ. ಹೊರಟವರು ನನ್ನ ಸೋದರತ್ತೆ ಗೌರಮ್ಮ. ನಮ್ಮ ಮನೆಯ ಸಮಸ್ತ ಶುಭಕಾರ್ಯಗಳ ಉಸ್ತುವಾರಿ ಅವರದು. ಮೊದಲು ನೋಡಿದ್ದು ನೊಣವಿನಕೆರೆ ಕಡೆಯ ಸಂಬಂಧ. ಹುಡುಗಿಯ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅಡ್ಡಡ್ಡ ನೋಡಲು ಏನೂ ಇರಲಿಲ್ಲ. ಆಮೇಲೆ ತೀರ್ಪು ಕೊಟ್ಟರು.

"ಹುಡುಗ ಒಳ್ಳೇವ್ನೇ. ಸೀರೆ ಒಣಗಾಕಾಕೂ ಆಯ್ತಾನೆ."

ಅತ್ತೆಗೆ ಇದು ಇಡೀ ವಂಶಕ್ಕೆ ಆದ ಅವಮಾನ ಎನಿಸಿತು. "ಗಂಡ್ಸು ಅಂದ್ರೆ ಬಾಗ್ಲು ತುಂಬ ಬರ್ಬೇಕು ಕಣ್ಲಾ ಚಂದ್ರು. ನೀನು ಬಂದು ನಿಂತ್ರೂ ಬಾಗ್ಲು ಖಾಲೀನೇ ಕಾಣ್ತದೆ!" ಎಂದು ಮರುದಿನದಿಂದಲೇ ನನ್ನನ್ನು ದಪ್ಪಗೆ ಮಾಡುವ ಯೋಜನೆಯನ್ನು ಜಾರಿಗೆ ತಂದರು. ಬೆಳಿಗ್ಗೆ ಕೊಬ್ಬರಿ ಬೆಲ್ಲ, ಮಧ್ಯಾಹ್ನ ಮುದ್ದೆಯ ಮೇಲೆ ಬೆಣ್ಣೆ, ಸಾಯಂಕಾಲ ಮತ್ತೆ ಕೊಬ್ಬರಿ ಬೆಲ್ಲ. ನನ್ನ ಬಾಯಿಗೆ ಸೇರದಿದ್ದರೆ, "ಇಂಗೆ ತಿನ್ಬೇಕು, ನೋಡು" ಎಂದು ತಾವೇ ಎದುರಿಗೆ ಕೂತು ತಿಂದು ತೋರಿಸುತ್ತಿದ್ದರು. ತಿಂಗಳೊಳಗೆ ಫಲ ಸಿಕ್ಕಿತು. ಅತ್ತೆ ದಪ್ಪಗಾದರು!

ಅಷ್ಟರಲ್ಲಿ ಹೊನ್ನವಳ್ಳಿಯಿಂದ ಇನ್ನೊಂದು ಸಂಬಂಧ ಬಂತು. ತೋಟದವರು, ಒಳ್ಳೆಯ ಮನೆತನ, ಹುಡುಗಿಯ ಹೆಸರು ಭಾಗ್ಯ. ಈ ಸಲ ಬಿಡಬಾರದು ಎಂದು ಅತ್ತೆ ಹಟ ತೊಟ್ಟರು. ಮೈ ಬರದಿದ್ದರೆ ಹೋಗಲಿ, ಬಂದ ಹಾಗೆ ಕಂಡರೆ ಸಾಕು. ಸೀದಾ ನನ್ನ ಗೆಳೆಯ, ಟೈಲರ್ ನಂಜುಂಡನ ಅಂಗಡಿಗೆ ಎಳೆದುಕೊಂಡು ಹೋದರು.

ನಂಜುಂಡ ಟೇಪು ಹಿಡಿದು ನನ್ನ ಎದೆಯಳತೆ ತೆಗೆದ. ನಂಬಿಕೆ ಬರದೆ ಇನ್ನೊಮ್ಮೆ ತೆಗೆದ. "ಒಂದು ಕೋಟು ಹೊಲೀತೀನಿ ಬುಡು. ಒಳಗೆ ಭುಜಕ್ಕೆ, ಎದೆಗೆ, ಬೆನ್ನಿಗೆ, ತೋಳಿಗೆ ಮೆತ್ತೆ ಕೊಡ್ತೀನಿ. ಪೈಲ್ವಾನ್ ಆಗೋಯ್ತೀಯ" ಎಂದ.

ನನ್ನ ವಂಶದಲ್ಲಿ ಕೋಟು ತೊಟ್ಟವರು ಯಾರೂ ಇರಲಿಲ್ಲ. ಅಪ್ಪ ಪಂಚೆ, ಶರ್ಟಿನಲ್ಲೇ ಜೀವನ ಮುಗಿಸಿದವರು. ಆದರೂ ಕೋಟು ಸಿದ್ಧವಾಗಿ, ಅದನ್ನು ತೊಟ್ಟು ಕನ್ನಡಿ ಮುಂದೆ ನಿಂತೆ. ಕನ್ನಡಿಯೊಳಗೆ ಯಾರೋ ದೊಡ್ಡ ಮನುಷ್ಯರು ನಿಂತಿದ್ದರು. ಕೈ ಮುಗಿಯೋಣ ಎನಿಸಿತು. ಕೈ ಮಡಚಲು ಹೋದಾಗ ಕುತ್ತಿಗೆಯ ಹತ್ತಿರ ಏನೋ ಚುಚ್ಚಿತು.

"ಒಳಗೆ ಏನ್ಲಾ ತುಂಬಿದ್ದೀಯ?"

"ಸ್ಪಂಜು ಬೇಕಂದ್ರೆ ತುಮಕೂರಿಗೆ ಹೋಗ್ಬೇಕು ಕಣ್ಲಾ. ನಮ್ಮ ಸೀಮೇಲಿ ತೆಂಗಿನ ನಾರಿಗೇನು ಬರವಾ?" ಎಂದ ನಂಜುಂಡ, ಬಹಳ ಹೆಮ್ಮೆಯಿಂದ.

ಬೇಸಿಗೆಯ ಒಂದು ಭಾನುವಾರ ನಾನು, ಅತ್ತೆ, ಕೋಟು, ಮೂವರೂ ಹೊನ್ನವಳ್ಳಿಗೆ ಹೊರಟೆವು. ಬಸ್ಸಿನ ಬಾಗಿಲಲ್ಲಿ ಜೀವನದಲ್ಲೇ ಮೊದಲ ಬಾರಿಗೆ ಸಿಕ್ಕಿಕೊಂಡೆ. ನನಗಾದ ಸಂತೋಷ ಅಷ್ಟಿಷ್ಟಲ್ಲ! "ಒಸಿ ಅಡ್ಡ ತಿರುಗಿ ಸ್ವಾಮಿ" ಎಂದು ಕಂಡಕ್ಟರ್ ಗದರಿಸಿದ. ಅಡ್ಡ ತಿರುಗಿ ಎಂದು ನನಗೂ ಒಬ್ಬರು ಹೇಳಿದರು! ಪಕ್ಕದಲ್ಲಿ ಕೂತಿದ್ದ ಯಜಮಾನರು ನನ್ನ ಭುಜಕ್ಕೆ ತಲೆಯಿಟ್ಟು ದಾರಿಯುದ್ದಕ್ಕೂ ನಿದ್ದೆ ಮಾಡಿದರು. ಇಳಿಯುವಾಗ ಅವರ ಕೆನ್ನೆಯ ಮೇಲೆ ಚಾಪೆಯಲ್ಲಿ ಮಲಗಿದಂತೆ ಗೀರು ಮೂಡಿತ್ತು.

ಹುಡುಗಿಯ ತಂದೆ ಗಂಗಣ್ಣನವರು ಬಾಗಿಲಲ್ಲೇ ಎದುರುಗೊಂಡರು. "ನಮ್ಮ ಕಡೆಯವ್ರು ತೀರಾ ಸಣಕಲು ಅಂದಿದ್ರು. ಪರವಾಗಿಲ್ವೇ!" ಎಂದರು. ಅತ್ತೆಯ ಮುಖ ಅರಳಿತು. ನನ್ನ ಎದೆಯೂ ಉಬ್ಬಿತು. ಉಬ್ಬಿದಾಗ ನಾರು ಚುಚ್ಚಿತು.

ಬೆವರು ಇಳಿದಂತೆಲ್ಲ ನಾರಿಗೆ ಜೀವ ಬಂತು. ಮೊದಲು ಎಡಭುಜ ಕೆರೆಯಿತು, ಆಮೇಲೆ ಬೆನ್ನು, ಆಮೇಲೆ ಹೆಸರು ಹೇಳಲಾಗದ ಎಲ್ಲ ಜಾಗಗಳು. ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು, ಕುರ್ಚಿಯ ಬೆನ್ನಿಗೆ ನನ್ನ ಬೆನ್ನನ್ನು ಮೆಲ್ಲಗೆ ಉಜ್ಜತೊಡಗಿದೆ. ಅಷ್ಟರಲ್ಲಿ ಭಾಗ್ಯ ಕಾಫಿ ತಂದಳು. ಎಣ್ಣೆಗೆಂಪು ಬಣ್ಣ, ಅಗಲವಾದ ಮುಖ, ಸೊಗಸಾದ ಕಣ್ಣು. ಆ ಕಣ್ಣುಗಳು ನನ್ನ ಬೆನ್ನು ಮತ್ತು ಕುರ್ಚಿಯ ನಡುವಿನ ವ್ಯವಹಾರವನ್ನೇ ನೋಡುತ್ತಿದ್ದವು. ಅವಳ ಹಿಂದೆಯೇ ಬಂದ ದೊಡ್ಡಮ್ಮ, "ಒಸಿ ಪೌಡರ್ ಹಾಕ್ಕಳೇ ಅಂದ್ರೆ ಕೇಳ್ಲಿಲ್ಲ ಕಣಮ್ಮ. ಇನ್ನೂ ಬೆಳ್ಳಗವ್ಳೆ ನಮ್ಮ ಹುಡ್ಗಿ" ಎಂದು ಅತ್ತೆಗೆ ಸಮಾಧಾನ ಹೇಳಿದರು.

"ಇಲ್ಲ, ಇಷ್ಟೇ ಇರೋದು" ಎಂದಳು ಭಾಗ್ಯ, ಲೋಟ ಕೊಡುತ್ತಾ.

ಗಂಗಣ್ಣನವರು ನನ್ನನ್ನು ನೋಡಿ ಮರುಗಿದರು. "ಸೆಕೆ ಭಾಳ ಐತೆ. ಕೋಟು ಬಿಚ್ಚಿ ಕುತ್ಕೊಳ್ಳಿ."

"ಬ್ಯಾಡಿ, ಬ್ಯಾಡಿ!" ಎಂದು ಅತ್ತೆ ಕೂಗಿಯೇಬಿಟ್ಟರು. "ಅವ್ನು ಮನೇಲೂ ಕೋಟಲ್ಲೇ ಇರೋದು. ಮಲಗುವಾಗ್ಲೂ ಬಿಚ್ಚಲ್ಲ!"

ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆರೆತ, ಕೋಟು, ಎರಡನ್ನೂ ಸೇರಿಸಿ ಅವರು ಯಾವುದೋ ಚರ್ಮರೋಗದ ತೀರ್ಮಾನಕ್ಕೆ ಬರುತ್ತಿರುವುದು ನನಗೆ ಕಾಣುತ್ತಿತ್ತು. ಮಾತು ಬದಲಾಯಿಸಲು, "ತೋಟ ನೋಡೋಣ್ವಾ?" ಎಂದು ಎದ್ದೆ. ಇದು ನಾನು ಆ ದಿನ ಮಾಡಿದ ದೊಡ್ಡ ತಪ್ಪು.

ಮನೆಯ ಹಿಂದೆಯೇ ತೋಟ. ನೆರಳಿಗೆ ಹೋದರೆ ಕೆರೆತ ಕಡಿಮೆಯಾಗುತ್ತದೆ ಎಂದು ಆಸೆಪಟ್ಟಿದ್ದೆ. ಜಾಸ್ತಿಯಾಯಿತು. ಬೋರ್‌ವೆಲ್ ಹತ್ತಿರ ಬಂದಾಗ ಗಂಗಣ್ಣನವರು, "ಬೆಳಿಗ್ಗೆಯಿಂದ ಮೋಟ್ರು ಹಾಕಿಲ್ಲ" ಎಂದರು. ಎಲೆಕ್ಟ್ರಿಕ್ ಸಾಮಾನು ಎಂದರೆ ನನ್ನ ಸಾಮ್ರಾಜ್ಯ. ಟಿ.ವಿ. ಬಲ್ಲವನಿಗೆ ಮೋಟರ್ ಯಾವ ಲೆಕ್ಕ? "ಅದಕ್ಯಾಕೆ ಯೋಚ್ನೆ, ನಾನಿಲ್ವಾ?" ಎಂದು ಗಂಭೀರವಾಗಿ ಮುಂದೆ ನಡೆದು ಹಸಿರು ಗುಂಡಿ ಒತ್ತಿದೆ.

"ಪೈಪಿನ ಜಾಯಿಂಟು ಸಡ್ಲ ಐತೆ, ಒತ್ತಬ್ಯಾಡಿ!" ಎಂಬ ಅವರ ಮಾತಿನ ಉಳಿದ ಭಾಗ ಆಮೇಲೆ ಕೇಳಿಸಿತು.

ಪೈಪು ಕಳಚಿತು. ನೀರು ಸೀದಾ ನನ್ನ ಎದೆಗೇ ಬಂದು ಹೊಡೆಯಿತು. ಕಾಲುವೆಯಲ್ಲಿ ಅಂಗಾತ ಬಿದ್ದೆ. ಏಳೋಣ ಎಂದರೆ ಆಗಲಿಲ್ಲ. ಆ ನಾರು ಎಷ್ಟು ನೀರು ಕುಡಿದಿತ್ತೆಂದರೆ, ನನ್ನ ಮೇಲೆ ಇನ್ನೊಬ್ಬ ಚಂದ್ರು ಕೂತಿದ್ದಂತಿತ್ತು. ಅವನು ನನಗಿಂತ ದಪ್ಪ! ಗಂಗಣ್ಣನವರು ಮೋಟರ್ ನಿಲ್ಲಿಸಿ ಓಡಿ ಬಂದು ನನ್ನ ತೋಳು ಹಿಡಿದು ಎಳೆದರು. ತೋಳು ಬಂತು. ಅಂದರೆ ಕೋಟಿನದು. ಒಳಗಿನಿಂದ ಕಂದು ನೀರು ಸೋರುವ ನಾರು ಮೊಳಗಟ್ಟಲೆ ಹೊರಬಿತ್ತು.

"ಅಯ್ಯಯ್ಯೋ, ಹುಡುಗನ ಕೈ!" ಎಂದು ದೊಡ್ಡಮ್ಮ ಚೀರಿದರು.

ಪಕ್ಕದ ಮರಕ್ಕೆ ಕಟ್ಟಿದ್ದ ಹಸು ಮಾತ್ರ ಹೆದರಲಿಲ್ಲ. ಕತ್ತು ಚಾಚಿ, ನಾರಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಎಳೆಯತೊಡಗಿತು. ಹಸು ಎಳೆದಂತೆಲ್ಲ ನನ್ನ ಭುಜ ಹೋಯಿತು, ಬೆನ್ನು ಹೋಯಿತು. ಕೊನೆಗೆ ಕೋಟನ್ನೇ ಬಿಚ್ಚಿ ಎಸೆದು ಎದ್ದು ನಿಂತೆ. ಒದ್ದೆ ಶರ್ಟು ಮೈಗೆ ಅಂಟಿಕೊಂಡು, ಪಕ್ಕೆಲುಬುಗಳೆಲ್ಲ ಸಾಲಾಗಿ ಸಭೆಗೆ ದರ್ಶನ ಕೊಟ್ಟವು.

ಅತ್ತೆ ಮಾತ್ರ ಧೈರ್ಯ ಕಳೆದುಕೊಳ್ಳಲಿಲ್ಲ.

"ನಮ್ಮ ಹುಡುಗ ನೀರಿಗೆ ಬಿದ್ರೆ ಒಸಿ ಕುಗ್ತಾನೆ ಕಣಣ್ಣ!"

ಭಾಗ್ಯ ಅಲ್ಲೇ ಕಟ್ಟೆಯ ಮೇಲೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಕ್ಕು ಸುಸ್ತಾದ ಮೇಲೆ ದೊಡ್ಡಮ್ಮನ ಕಡೆ ತಿರುಗಿದಳು. "ಬೆಳಿಗ್ಗೆಯಿಂದ ಪೌಡರ್ ಹಾಕ್ಕೋ ಅಂತ ನನ್ನ ಪ್ರಾಣ ತಿಂದ್ಯಲ್ಲ ದೊಡ್ಡಮ್ಮ, ನೋಡಿಲ್ಲಿ. ಇವ್ರನ್ನ ಯಾರೋ ಸೋಫಾ ಮಾಡಿ ಕಳಿಸವ್ರೆ!"

ಗಂಗಣ್ಣನವರ ಪಂಚೆ, ಟವಲ್ಲು ಉಟ್ಟು ಹೊದ್ದು ಊರಿಗೆ ವಾಪಸಾದೆ. ದಾರಿಯಲ್ಲಿ ಅತ್ತೆ ನಂಜುಂಡನನ್ನು ಬೈದರು, ಮೋಟರನ್ನು ಬೈದರು, ಹಸುವನ್ನೂ ಬೈದರು. ನಾನು ಕೆರೆದುಕೊಳ್ಳುತ್ತಾ ಕೂತಿದ್ದೆ. ತಮಾಷೆ ಹಾಗಿರಲಿ, ನನಗೆ ನಿಜವಾಗಿಯೂ ನೋವಾಗಿತ್ತು. ಆ ಹುಡುಗಿ "ಇಷ್ಟೇ ಇರೋದು" ಎಂದದ್ದು ಎಷ್ಟು ಸಲೀಸಾಗಿತ್ತು! ನನ್ನ ಬಾಯಲ್ಲಿ ಆ ಎರಡು ಮಾತು ಬರದೆ, ಒಂದು ಹೊರೆ ನಾರು ಹೊತ್ತಿದ್ದೆನಲ್ಲ ಎನಿಸಿತು.

ಕೆಲವು ದಿನಗಳ ನಂತರ ಹೊನ್ನವಳ್ಳಿಯಿಂದ ಹೇಳಿಕಳಿಸಿದರು. ಹುಡುಗಿ ಇನ್ನೊಮ್ಮೆ ನೋಡಬೇಕಂತೆ, ಕೋಟು ಬೇಡವಂತೆ. ಹೊರಡುವಾಗ ಅತ್ತೆ ಸ್ವೆಟರ್ ಹಿಡಿದು ಬಾಗಿಲಿಗೆ ಅಡ್ಡ ನಿಂತರು.

"ಇದೊಂದು ಹಾಕ್ಕಳ್ಲಾ, ಒಸಿ ತುಂಬ್ಕಂಡಂಗೆ ಕಾಣ್ತೀಯ."

"ಬ್ಯಾಡ ಕಣತ್ತೆ. ಇರೋ ಅಷ್ಟೇ ಹೋಗಿ ಬತ್ತೀನಿ" ಎಂದೆ. ಹುಟ್ಟಿದಾಗಿನಿಂದ ಅತ್ತೆಗೆ ನಾನು ಆಡಿದ ಮೊದಲ ಎದುರು ಮಾತು ಅದು. ಅವರು ಸ್ವೆಟರ್ ಹಿಡಿದುಕೊಂಡೇ ಜಗಲಿಯ ಮೇಲೆ ಕೂತುಬಿಟ್ಟರು.

ಭಾಗ್ಯ ಈ ಸಲ ನನ್ನನ್ನು ಪೂರ್ತಿ ನೋಡಿದಳು. ನೋಡಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಇಷ್ಟೇನಾ?"

"ಒಳಗೆ ಎರಡು ಬನೀನು ಅವೆ" ಎಂದೆ, ಸತ್ಯ ಹೇಳಲೇಬೇಕೆಂದು. "ಅದು ಬಿಟ್ರೆ ಇಷ್ಟೇ."

"ಮದುವೆ ದಿನಾನೂ ನಾನು ಪೌಡರ್ ಹಾಕಲ್ಲ."

"ಬ್ಯಾಡ."

"ಆಯ್ತು ಬುಡಿ" ಎಂದಳು.

ಮದುವೆ ಆಯಿತು. ಫೋಟೋದವನು ಅವಳಿಗೆ ಪೌಡರ್ ಹಾಕಿ ಎಂದೂ, ನನಗೆ ಉಸಿರು ಬಿಗಿಹಿಡಿಯಿರಿ ಎಂದೂ ಎಷ್ಟು ಹೇಳಿದರೂ ನಾವು ಜಗ್ಗಲಿಲ್ಲ. ಅಂದಿನಿಂದ ನಾನು ಸಿಕ್ಕವರಿಗೆಲ್ಲ ಭಾಷಣ ಕೊಡುತ್ತಾ ಬಂದಿದ್ದೇನೆ, ನನ್ನ ಹೆಂಡತಿ ಮೆಚ್ಚಿದ್ದು ನನ್ನ ಮೈಯನ್ನಲ್ಲ, ನನ್ನ ಪ್ರಾಮಾಣಿಕತೆಯನ್ನು ಎಂದು.

ಮೊನ್ನೆ ಪಕ್ಕದ ಮನೆಗೆ ಬಂದ ಹೊಸ ಸೊಸೆ ಅವಳನ್ನೇ ಕೇಳಿಬಿಟ್ಟಳು. "ಅಕ್ಕಾ, ಇವ್ರಲ್ಲಿ ಏನು ನೋಡಿ ಒಪ್ಕೊಂಡ್ರಿ?"

ನಾನು ಒಳಗೆ ಪೇಪರ್ ಕೆಳಗಿಟ್ಟು, ಕಿವಿ ನೆಟ್ಟಗೆ ಮಾಡಿ ಕೂತೆ.

"ನಮ್ಮಪ್ಪಂದು ತೆಂಗಿನ ತೋಟ ಅಲ್ವೇನಮ್ಮ" ಎಂದಳು ಭಾಗ್ಯ. "ಎಷ್ಟೇ ಕಾಯಿ ಉದುರಿದ್ರೂ ಇವ್ರ ಮ್ಯಾಲೆ ಬೀಳಾಕೆ ಜಾಗ ಇಲ್ವಲ್ಲ, ಅದ್ಕೇ ಒಪ್ಕೊಂಡೆ!"