ಆರು ಜನಕ್ಕೆ ಸಾಂಬಾರು

ಮನೆಗೆ ನೆಂಟರು ಬರುತ್ತಾರೆ ಎಂದರೆ ಸಾಕು, ಮಿಕ್ಕ ದಿನವೆಲ್ಲ ಸರಿಯಾಗಿರುವ ನನ್ನ ತಲೆ ಅವತ್ತೇ ರಜೆ ಹಾಕುತ್ತದೆ. ಗೃಹಪ್ರವೇಶದ ದಿನ ಪುರೋಹಿತರನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಹಾಕಿಕೊಂಡು ಹಾಲು ತರಲು ಹೋದವನು ನಾನು. ಇಂಥವು ಬೇರೆಯವರಿಗೆ ವರ್ಷಕ್ಕೊಂದು ಆಗಬಹುದು, ನನಗೆ ಮಾತ್ರ ನೆಂಟರಿಗೊಂದು. ಮಗಳ ಅತ್ತೆ ಮಾವ ಮೊದಲ ಸಲ ವಿನೋಬನಗರದ ನಮ್ಮ ಮನೆಗೆ ಊಟಕ್ಕೆ ಬಂದ ಆ ಒಂದು ಭಾನುವಾರದಲ್ಲೇ ಐದಾರು ಆದವು.

೧. ಕೊಚ್ಚಿಕೊಂಡಿದ್ದು

ತಪ್ಪು ಶುರುವಾದದ್ದು ಮಗಳ ಮದುವೆಯ ದಿನ. ನಾನು ಭದ್ರಾವತಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನಾಗಿದ್ದು ನಿವೃತ್ತನಾದವನು. ಒಂದು ಪಾಳಿಗೆ ಮುನ್ನೂರು ಜನಕ್ಕೆ ಸಾಂಬಾರು ಮಾಡಿದ ಕೈ. ಮದುವೆ ಊಟದಲ್ಲಿ ಬೀಗರು "ಸಾಂಬಾರು ಚೆನ್ನಾಗಿದೆ" ಎಂದಾಗ ಸುಮ್ಮನೆ ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. "ಇದೇನು ಸಾಂಬಾರು ಬೀಗ್ರೇ! ಮನೆಗೆ ಬನ್ನಿ, ನನ್ನ ಕೈಯಾರೆ ಮಾಡಿ ಹಾಕ್ತೀನಿ, ಬೆರಳು ನೆಕ್ಕೊಂಡು ಏಳ್ತೀರಿ" ಎಂದುಬಿಟ್ಟೆ. ಬಕೆಟ್ಟು ಹಿಡಿದು ಹಿಂದೆಯೇ ನಿಂತಿದ್ದ ಮದುವೆ ಮನೆಯ ಅಡುಗೆಯವರು ಆಮೇಲೆ ನನ್ನ ಎಲೆಯ ಕಡೆ ಬರಲೇ ಇಲ್ಲ.

ಮೂರು ತಿಂಗಳಾದ ಮೇಲೆ ಮಗಳ ಫೋನು ಬಂತು. "ಅಪ್ಪಾ, ಭಾನುವಾರ ನಾವು ನಾಲ್ಕೂ ಜನ ಬರ್ತೀವಿ. ನೋಡು, ನಮ್ಮತ್ತೆ ನಾನು ಮಾಡಿದ ಸಾಂಬಾರನ್ನ ದಿನಾ ಬಾಯಿಗಿಟ್ಕೊಂಡು 'ಹೂಂ' ಅಂತಾರೆ. ಚೆನ್ನಾಗಿದೆ ಅಂತಾನೂ ಇಲ್ಲ, ಚೆನ್ನಾಗಿಲ್ಲ ಅಂತಾನೂ ಇಲ್ಲ. ನಮ್ಮಪ್ಪನ ಹತ್ರ ಕಲಿತಿದ್ದು ಅಂತ ಹೇಳ್ಕೊಂಡಿದ್ದೀನಿ. ನನ್ನ ಮರ್ಯಾದೆ ಇನ್ನು ನಿನ್ನ ಕೈಯಲ್ಲಿದೆ."

ನಮ್ಮ ಹುಡುಗಿಗೆ ಒಂದು ಒಳ್ಳೇ ಮಾತು ಆಡುವುದಕ್ಕೆ ಆ ಬೀಗಿತ್ತಿಗೆ ಏನು ಕಷ್ಟ? "ಅವರ ಬಾಯಿಂದ 'ಚೆನ್ನಾಗಿದೆ' ಅನ್ನಿಸದೇ ಹೋದ್ರೆ ನಾನು ನಿಮ್ಮಪ್ಪನೇ ಅಲ್ಲ" ಎಂದು ಫೋನಿನಲ್ಲೇ ಘರ್ಜಿಸಿದೆ.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ತಲೆಯೆತ್ತಿ ಹೇಳಿದಳು: "ರೀ, ಅಂಥ ಆಣೆ ಎಲ್ಲ ಇಡಬೇಡಿ. ಅದ್ರಲ್ಲಿ ನನ್ನ ಮರ್ಯಾದೆನೂ ಇದೆ."

೨. ಐವತ್ತರ ಭಾಗಾಕಾರ

ಭಾನುವಾರ ಬೆಳಿಗ್ಗೆ ಹೆಂಡತಿ ಅಡುಗೆಮನೆಯನ್ನು ಪಾಲು ಮಾಡಿದಳು. ಪಲ್ಯ, ಕೋಸಂಬರಿ, ಒಬ್ಬಟ್ಟು, ಅನ್ನ ಅವಳದ್ದು. ಸಾಂಬಾರು ಮಾತ್ರ ನನ್ನದು. "ಮಿಕ್ಕಿದ್ದಕ್ಕೆ ನಿಮ್ಮ ನೆರಳೂ ಬೀಳಬಾರದು" ಎಂಬುದು ಷರತ್ತು.

ಬರುವವರು ನಾಲ್ಕು, ನಾವಿಬ್ಬರು, ಒಟ್ಟು ಆರು. ನನಗೆ ಗೊತ್ತಿರುವುದು ಮುನ್ನೂರರ ಅಳತೆ. ಎಲ್ಲವನ್ನೂ ಐವತ್ತರಿಂದ ಭಾಗಿಸಿದರೆ ಆಯಿತಲ್ಲ! ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದೆ. ಬೇಳೆ ಹದಿನೈದು ಕೆಜಿಗೆ ಬದಲು ಮುನ್ನೂರು ಗ್ರಾಂ. ನುಗ್ಗೆಕಾಯಿ ನೂರೈವತ್ತಕ್ಕೆ ಬದಲು ಮೂರು. ಹುಣಸೆಹಣ್ಣು, ಪುಡಿ, ಎಣ್ಣೆ ಎಲ್ಲವೂ ಭಾಗಿಸಿಕೊಂಡು ಶಿಸ್ತಾಗಿ ಬಂದು ನಿಂತವು. ಉಪ್ಪು ಮಾತ್ರ ಲೆಕ್ಕಕ್ಕೆ ಬರಲಿಲ್ಲ. ಕ್ಯಾಂಟೀನಿನಲ್ಲಿ ನನಗೆ ಕೆಲಸ ಕಲಿಸಿದ ಹಿರಿಯ ಮೇಸ್ತ್ರಿ ತಮಿಳರು. "ತಂಬಿ, ಉಪ್ಪಿಗೆ ಕೈಯೇ ತಕ್ಕಡಿ" ಎನ್ನುತ್ತಿದ್ದರು. ಬೊಗಸೆ ತುಂಬ ತುಂಬಿ ಹಾಕುವುದು, ಅಷ್ಟೇ.

ಸಾಂಬಾರು ಕುದಿಯುವ ಹೊತ್ತಿಗೆ ಪಕ್ಕದ ಮನೆಯ ಮೇಷ್ಟ್ರು ಕಿಟಕಿಯಾಚೆ ಕಾಂಪೌಂಡಿನ ಮೇಲೆ ಮುಖ ತೋರಿಸಿದರು. ಅವರು ನವುಲೆಯ ಕಾಲೇಜಿನಲ್ಲಿ ಪಾಠ ಮಾಡುವವರು. "ಏನ್ ಸಾರ್, ಘಮ್ ಅಂತಿದೆಯಲ್ಲ?" ಎಂದರು. ಹೊಗಳಿದರೆ ನನಗೆ ಮೈಮೇಲೆ ಎಚ್ಚರವಿರುವುದಿಲ್ಲ. ಒಂದು ಸಲ ಗ್ಯಾಸು ಮುಗಿದು ಕಟ್ಟಿಗೆ ಒಲೆಯಲ್ಲಿ ಮುನ್ನೂರು ಜನಕ್ಕೆ ಹೇಗೆ ಊಟ ಹಾಕಿದೆ ಎಂಬ ಕಥೆ ಹೇಳುತ್ತಾ ಹೋದೆ. ಕಥೆಯಲ್ಲಿ ಉಪ್ಪು ಹಾಕುವ ಜಾಗ ಬಂತು. ನಾನು ನಿವೃತ್ತನಾಗಿದ್ದೆ, ಕೈ ಆಗಿರಲಿಲ್ಲ. ಡಬ್ಬಿಗೆ ಎರಡೂ ಕೈ ಇಳಿಸಿ ಒಂದು ಬೊಗಸೆ ಉಪ್ಪು ಪಾತ್ರೆಗೆ ಸುರಿದೇಬಿಟ್ಟೆ. ಎರಡನೇ ಬೊಗಸೆ ತುಂಬಿಕೊಂಡಾಗ ಹೆಂಡತಿ ಕಿರುಚಿದಳು.

ಅವಳು ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ ಕಣ್ಣು ಮುಚ್ಚಿದಳು. "ಉಪ್ಪಿನಕಾಯಿ ಹಾಕ್ತೀನಿ ಅಂತ ಮೊದ್ಲೇ ಹೇಳಿದ್ರೆ ಮಾವಿನಕಾಯಿ ತರ್ತಿದ್ನಲ್ಲ" ಎಂದಳು.

೩. ಬೆಳೆದ ಪಾತ್ರೆ

ಉಪ್ಪು ಹೆಚ್ಚಾದ ಸುದ್ದಿ ಹೇಗೋ ಬೀದಿಗೆಲ್ಲ ಗೊತ್ತಾಯಿತು. ಮೇಷ್ಟ್ರು ಆಲೂಗಡ್ಡೆ ಹಾಕಿ ಎಂದರು, ಹಾಕಿದೆ. ಅವರ ಮನೆಯವರು ಅಕ್ಕಿ ಹಿಟ್ಟಿನ ಉಂಡೆ ಬಿಡಿ ಎಂದರು, ಬಿಟ್ಟೆ. ಉಂಡೆ ಕರಗಿ ಹೋಯಿತು, ಉಪ್ಪು ಅಲ್ಲೇ ಉಳಿಯಿತು. ಕೊನೆಗೆ ನನಗೆ ಗೊತ್ತಿರುವ ಒಂದೇ ದಾರಿ ಹಿಡಿದೆ: ನೀರು ಹಾಕುವುದು. ನೀರು ಹಾಕಿದ ಮೇಲೆ ಬೇಳೆ ಸಾಲಲಿಲ್ಲ. ಬೇಳೆ ಬೇಯಿಸಿ ಹಾಕಿದ ಮೇಲೆ ಹುಳಿ ಸಾಲಲಿಲ್ಲ. ಹುಳಿ ಹಿಂಡಿದ ಮೇಲೆ ಪುಡಿ, ಪುಡಿಯ ಮೇಲೆ ತರಕಾರಿ. ಮೂಲೆ ಅಂಗಡಿಗೆ ಮೂರು ಸಲ ಓಡಿದೆ. ಮೊದಲ ಪಾತ್ರೆ ತುಂಬಿತು, ಒಬ್ಬಟ್ಟಿನ ಹೂರಣಕ್ಕೆ ಇಟ್ಟಿದ್ದ ಪಾತ್ರೆಯೂ ತುಂಬಿತು.

ಬೀದಿಯ ಗಣಪತಿ ಪ್ರಸಾದದ ದೊಡ್ಡ ಡಬರಿ ಮೂರನೇ ಮನೆಯ ಅಟ್ಟದಲ್ಲಿರುತ್ತದೆ. ಅದನ್ನು ಕೇಳಿ ಇಳಿಸಿಕೊಂಡು, ತಲೆಯ ಮೇಲೆ ಕವುಚಿಕೊಂಡು ಬೀದಿಯಲ್ಲಿ ಬಂದೆ. ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಬೆಂಕಿ ಹಾಕಿ, ಎಲ್ಲವನ್ನೂ ಅದಕ್ಕೆ ಸುರಿದು ಕುದಿಸಿದೆ. ಹನ್ನೊಂದು ಗಂಟೆಗೆ ರುಚಿ ನೋಡಿದರೆ, ನಿಜ ಹೇಳುತ್ತೇನೆ, ಅಮೃತವಾಗಿತ್ತು. ನನ್ನ ಕೈಗೆ ಐವತ್ತು ಜನಕ್ಕಿಂತ ಕಡಿಮೆ ಮಾಡಿದರೆ ರುಚಿಯೇ ಹತ್ತುವುದಿಲ್ಲ ಎಂದು ಅವತ್ತು ಗೊತ್ತಾಯಿತು.

ಡಬರಿ ಹೊತ್ತು ಬರುವಾಗ ತರಕಾರಿ ಗಾಡಿಯವನು ನನ್ನನ್ನು ನಿಲ್ಲಿಸಿದ್ದ. "ಏನ್ ಸಾರ್, ಈ ವರ್ಷ ಗಣಪತಿನ ಇಷ್ಟು ಬೇಗ ಕೂರಿಸ್ತೀರಾ?"

೪. ಯಾರ ತಿಥಿ?

ಆರು ಜನಕ್ಕಾಗುವಷ್ಟನ್ನು ಒಂದು ಪಾತ್ರೆಗೆ ತೆಗೆದಿಟ್ಟೆ. ಉಳಿದದ್ದು ಹಿತ್ತಲಲ್ಲಿ ಹೊಗೆಯಾಡುತ್ತಾ ಕೂತಿತ್ತು. "ಬೀಗರು ಬಂದು ಇದನ್ನ ನೋಡಿದ್ರೆ ನಿಮ್ಮನ್ನ ಏನಂತ ತಿಳ್ಕೊಳ್ತಾರೆ? ಮೊದ್ಲು ಖಾಲಿ ಮಾಡಿ" ಎಂದಳು ಹೆಂಡತಿ. ಬಕೆಟ್ಟು, ಸೌಟು ಹಿಡಿದುಕೊಂಡು ಮನೆಮನೆಗೆ ಹೊರಟೆ.

ಭಾನುವಾರ ಹನ್ನೊಂದೂವರೆಗೆ ಕರೆಯದೇ ಬಂದು ಸಾಂಬಾರು ಹಾಕುತ್ತೇನೆ ಎನ್ನುವವನನ್ನು ಯಾರು ನಂಬುತ್ತಾರೆ? ಮೂರನೇ ಮನೆಯವರು "ನಮ್ಮನೇಲಿ ಕೋಳಿ ಸಾರ್" ಎಂದು ಮುಜುಗರದಿಂದಲೇ ಒಂದು ಪಾತ್ರೆ ಚಾಚಿದರು. ಮೇಷ್ಟ್ರು ಎರಡು ಪಾತ್ರೆ ತಂದರು. ಎದುರು ಮನೆಯಲ್ಲಿ ಒಬ್ಬ ಟೀಚರಮ್ಮ ಒಬ್ಬರೇ ಇರುತ್ತಾರೆ. ಅವರ ಮನೆಯಲ್ಲಿ ಒಲೆ ಹೊತ್ತಿದ್ದನ್ನು ನಮ್ಮ ಬೀದಿಯಲ್ಲಿ ಕಂಡವರಿಲ್ಲ, ಬೆಳಿಗ್ಗೆ ಹೋಟೆಲಿನ ಇಡ್ಲಿ, ರಾತ್ರಿ ಬ್ರೆಡ್ಡು. ಅವರಂತೂ "ದೇವ್ರು ಬಂದಂಗೆ ಬಂದ್ರಿ" ಎಂದು ದೊಡ್ಡ ಪಾತ್ರೆಯನ್ನೇ ಹಿಡಿದರು.

ಕೊನೆಯ ಮನೆಯ ಅಜ್ಜಿ ಮಾತ್ರ ಪಾತ್ರೆ ತರದೆ ನನ್ನ ಮುಖವನ್ನೇ ನೋಡುತ್ತಾ ನಿಂತರು. "ಯಾರ ತಿಥಿ ಮಾರಾಯ?"

"ಇನ್ನೂ ಗೊತ್ತಿಲ್ಲ ಅಜ್ಜಿ" ಎಂದೆ. "ಬೀಗರು ಊಟ ಮಾಡಿ ಎದ್ದ ಮೇಲೆ ಗೊತ್ತಾಗುತ್ತೆ."

೫. ನಾಲ್ಕು ಜನ

ಒಂದು ಗಂಟೆಗೆ ಮನೆ ಮುಂದೆ ಮಿನಿ ಬಸ್ಸಿನಂಥ ಟಿ.ಟಿ. ಗಾಡಿ ಬಂದು ನಿಂತಿತು. ನಾಲ್ಕು ಜನಕ್ಕೆ ಟಿ.ಟಿ. ಯಾಕೆ ಎಂದು ನಾನು ಯೋಚಿಸುತ್ತಿರುವಾಗಲೇ ಇಳಿಯಲು ಶುರುವಾದರು. ಬೀಗರು, ಬೀಗಿತ್ತಿ, ಅಳಿಯ, ಮಗಳು. ಆಮೇಲೂ ಇಳಿಯುತ್ತಲೇ ಇದ್ದರು. ಹೆಂಡತಿ ಬಾಗಿಲಲ್ಲಿ ನಗುತ್ತಾ "ಬನ್ನಿ ಬನ್ನಿ" ಎನ್ನುತ್ತಲೇ ಬಿಟ್ಟ ಚಪ್ಪಲಿಗಳನ್ನು ಕಣ್ಣಲ್ಲೇ ಎಣಿಸಿದಳು. ಹದಿನಾಲ್ಕು ಜೊತೆ.

"ಹೊಳೆಹೊನ್ನೂರಿಂದ ನಮ್ಮ ಅಣ್ಣನ ಮನೆಯವರು ಬಂದಿದ್ರು" ಎಂದರು ಬೀಗರು ನನ್ನ ಭುಜ ತಟ್ಟುತ್ತಾ. "ನಿಮ್ಮ ಸಾಂಬಾರಿನ ವಿಷಯ ಹೇಳ್ದೆ, ಎಲ್ರೂ ಹೊರಟುಬಿಟ್ರು. ಮುನ್ನೂರು ಜನಕ್ಕೆ ಹಾಕಿದ ಕೈ, ನಿಮ್ಗೆ ಇದ್ಯಾವ ಲೆಕ್ಕ!"

ಒಂದೂವರೆ ಗಂಟೆ ಮುಂಚೆ ನನ್ನ ಹಿತ್ತಲಲ್ಲಿ ಐವತ್ತು ಜನಕ್ಕಾಗುವಷ್ಟು ಸಾಂಬಾರು ಇತ್ತು. ಹೆಂಡತಿ ಇನ್ನೊಂದು ಕುಕ್ಕರಿಗೆ ಅಕ್ಕಿ ಹಾಕುತ್ತಾ, ತುಟಿ ಅಲ್ಲಾಡಿಸದೆ, "ಹೋಗಿ ವಾಪಸ್ ಇಸ್ಕೊಂಡು ಬನ್ನಿ" ಎಂದಳು. ಹಿಂಬಾಗಿಲಿಂದ ಮತ್ತೆ ಬಕೆಟ್ಟು ಹಿಡಿದು ಹೊರಟೆ. ಕೊಟ್ಟದ್ದನ್ನು ಕೇಳಿ ಇಸಿದುಕೊಳ್ಳುವುದು ಎಷ್ಟು ಕಷ್ಟ ಎಂದು ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಮುಖ ಎಲ್ಲಿಟ್ಟುಕೊಳ್ಳುವುದು? ಮೇಷ್ಟ್ರು ಒಂದು ಪಾತ್ರೆ ಮುಟ್ಟಿರಲಿಲ್ಲ, ಕೊಟ್ಟರು. ಅಜ್ಜಿ ಕೊನೆಗೆ ಇಸಿದುಕೊಂಡಿದ್ದನ್ನು ಪಕ್ಕದ ಬೀದಿಯ ತಂಗಿಗೆ ಕಳಿಸಿದ್ದರು. ಟೀಚರಮ್ಮ ಸ್ನಾನಕ್ಕೆ ಹೋಗಿದ್ದರು, ಹೊರಗಿನಿಂದಲೇ ಕೂಗಿ ಹೇಳಿ ಬಂದೆ.

ಮೂರನೇ ಮನೆಯವರು ತಟ್ಟೆಯ ಮುಂದೆ ಕೂತಿದ್ದರು. ಕೋಳಿಯನ್ನು ಪಕ್ಕಕ್ಕೆ ಸರಿಸಿ ನನ್ನ ಸಾಂಬಾರನ್ನೇ ಕಲಸಿಕೊಂಡಿದ್ದರು. "ಚೆನ್ನಾಗಿಲ್ಲದಿದ್ರೆ ವಾಪಸ್ ಕೊಡ್ತಿದ್ದೆ ಸಾರ್" ಎಂದರು ಬೇಸರದಿಂದ. "ಚೆನ್ನಾಗಿ ಮಾಡಿದ್ದು ನಿಮ್ಮದೇ ತಪ್ಪು."

೬. ಟೀಚರಮ್ಮನ ಕೈರುಚಿ

ಮೊದಲ ಪಂಕ್ತಿ ಕೂತಿತು. ಬೀಗಿತ್ತಿಯ ಎಲೆಗೆ ನಾನೇ ಬಡಿಸಿದೆ. ಅವರು ಕಲಸಿ, ಒಂದು ತುತ್ತು ಬಾಯಿಗಿಟ್ಟರು. ಎದುರು ಎಲೆಯಲ್ಲಿದ್ದ ಮಗಳು ಊಟ ಬಿಟ್ಟು ಅವರ ಬಾಯನ್ನೇ ನೋಡುತ್ತಿದ್ದಳು. ನಾನು ಸೌಟು ಹಿಡಿದು ನಿಂತಿದ್ದೆ. ಇಷ್ಟೆಲ್ಲ ಓಡಾಟ ಆ ಒಂದು ಮಾತಿಗಾಗಿ.

"ಹೂಂ" ಎಂದರು ಬೀಗಿತ್ತಿ.

ಮಗಳು ತಲೆ ತಗ್ಗಿಸಿ ಉಣ್ಣತೊಡಗಿದಳು. ಎರಡನೇ ಸಲ ಬಡಿಸಲು ಹೋದರೆ ಪಾತ್ರೆಯ ತಳ ಕಾಣುತ್ತಿತ್ತು. ಅಷ್ಟರಲ್ಲಿ ಮುಂಬಾಗಿಲಿಂದಲೇ ಟೀಚರಮ್ಮ ಬಂದರು, ಕೈಯಲ್ಲಿ ಅದೇ ದೊಡ್ಡ ಪಾತ್ರೆ. ಬರಿಗೈಲಿ ಕೊಟ್ಟಂತಾಗಬಾರದೆಂದು ಮೇಲೆ ನಾಲ್ಕು ಎಲೆ ಕೊತ್ತಂಬರಿ ಸೊಪ್ಪು ಉದುರಿಸಿದ್ದರು. "ಸಾಂಬಾರು ತಂದಿದ್ದೀನಿ" ಎಂದರು.

"ಅಯ್ಯೋ, ಪಕ್ಕದವರೂ ಮಾಡ್ಕೊಂಡು ಬಂದ್ರಾ! ಎಂಥ ಒಳ್ಳೇ ಬೀದಿ" ಎಂದರು ಬೀಗಿತ್ತಿ. ಹಾಕಿಸಿಕೊಂಡರು, ತಿಂದರು. ಕೈ ನಿಂತಿತು. "ಇದು! ಇದು ಸಾಂಬಾರು ಅಂದ್ರೆ! ತುಂಬಾ ಚೆನ್ನಾಗಿದೆ ಕಣ್ರೀ. ಬೀಗ್ರೇ, ಬೇಜಾರು ಮಾಡ್ಕೋಬೇಡಿ, ನಿಮ್ಮದೂ ಪರವಾಗಿಲ್ಲ. ಆದ್ರೆ ಈ ಹದವೇ ಬೇರೆ."

ನಾನು ಬಾಯಿ ತೆರೆದೆ. ಹೆಂಡತಿ ಹಿಂದಿನಿಂದ ನನ್ನ ಕಾಲು ತುಳಿದಳು. ಹೇಳಿದರೆ ಕೊಟ್ಟಿದ್ದನ್ನು ಇಸಿದುಕೊಂಡ ಕಥೆ, ಉಪ್ಪಿನ ಕಥೆ, ಗಣಪತಿ ಡಬರಿ, ಎಲ್ಲವೂ ಹೊರಬೀಳುತ್ತಿತ್ತು. ಬಾಯಿ ಮುಚ್ಚಿದೆ.

"ಹೇಗೆ ಮಾಡಿದ್ರಿ, ಸ್ವಲ್ಪ ಹೇಳಿ" ಎಂದರು ಬೀಗಿತ್ತಿ. ಟೀಚರಮ್ಮ ನನ್ನ ಮುಖ ನೋಡಿದರು. ಬೇಡ ಎಂದು ನಾನು ತಲೆಯಾಡಿಸಿದೆ. ಅವರಿಗೆ ಅದು ಹೇಗೆ ಅರ್ಥವಾಯಿತೋ ಏನೋ. ಜೀವಮಾನವಿಡೀ ಪಾಠ ಮಾಡಿದವರು, ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಇರಲು ಬಾರದು. "ಮೊದಲು ಬೇಳೆ ತೊಳ್ಕೋಬೇಕು" ಎಂದು ಶುರುಮಾಡಿ, ಹತ್ತು ನಿಮಿಷ ವಿವರಿಸಿದರು. ಒಂದು ದಿನವೂ ಸಾಂಬಾರು ಮಾಡದವರು ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಮಗಳು ಮಾತ್ರ ಆ ಸಾಂಬಾರನ್ನೇ ಮೂರು ಸಲ ಹಾಕಿಸಿಕೊಂಡಳು. ಕೈ ತೊಳೆಯುವಾಗ ನನ್ನ ಪಕ್ಕಕ್ಕೆ ಬಂದು "ಅಪ್ಪಾ, ಅದು ನಿನ್ನದೇ ಅಲ್ವಾ?" ಎಂದು ಪಿಸುಗುಟ್ಟಿ ನಕ್ಕಳು. ನನಗೆ ಕಣ್ಣಲ್ಲಿ ನೀರು ಬಂತು. ನಮ್ಮಿಬ್ಬರಿಗೂ ಗೊತ್ತಾಯಿತಲ್ಲ, ಸಾಕು ಎಂದುಕೊಂಡೆ.

ಟಿ.ಟಿ. ಹೊರಟ ಮೇಲೆ ಟೀಚರಮ್ಮ ಖಾಲಿ ಪಾತ್ರೆ ತೆಗೆದುಕೊಂಡು ಹೋಗಲು ಬಂದರು. ಮುಖ ಬೆವರಿತ್ತು.

"ಸಾರ್, ನಿಮ್ಮ ಬೀಗಿತ್ತಿ ಬರೋ ಭಾನುವಾರ ಸೊಸೆನ ಕರ್ಕೊಂಡು ನಮ್ಮನೆಗೆ ಬರ್ತಾರಂತೆ, ಸಾಂಬಾರು ಕಲಿಯೋಕೆ. ನಿಮ್ಮನ್ನೂ ಕರೆಸಿ ಕೂರಿಸ್ಕೊಳ್ಳಿ ಅಂದ್ರು, ನಿಮಗೂ ಸ್ವಲ್ಪ ಹದ ಗೊತ್ತಾಗಲಿ ಅಂತ."

"ನೀವೇನಂದ್ರಿ?"

"ಆಯ್ತು ಅಂದೆ. ನೀವೊಂದು ಕೆಲಸ ಮಾಡಿ. ಬೆಳಿಗ್ಗೆ ಬೇಗ ಎದ್ದು ಮಾಡಿ, ಹಿಂಬಾಗಿಲಲ್ಲಿ ಕೊಟ್ಬಿಡಿ. ಆಮೇಲೆ ಮುಂಬಾಗಿಲಿಂದ ಕಲಿಯೋಕೆ ಬನ್ನಿ."