ಅತ್ತೆ ಎಳೆದ ಗೆರೆ

ನಮ್ಮತ್ತೆಯನ್ನು ಹೆದರಿಸದ ವಸ್ತುವೊಂದನ್ನು ಮದ್ದೂರು ತಾಲ್ಲೂಕಿನಲ್ಲಿ ಯಾರಾದರೂ ತೋರಿಸಿಕೊಟ್ಟರೆ ಅವರ ಕಾಲಿಗೆ ಅಡ್ಡಬೀಳಲು ನಾನು ಸಿದ್ಧ! ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನಪ್ಪನ ಅಕ್ಕ. ಇರುವುದು ಕೊಪ್ಪದಲ್ಲಿ. ಕುಕ್ಕರನ್ನು ಒಲೆಯ ಮೇಲಿಟ್ಟರೆ ತಾವು ಬೀದಿಗೆ ಬಂದು ನಿಂತು ಅಲ್ಲಿಂದಲೇ ಕೂಗು ಎಣಿಸುತ್ತಾರೆ. ಬಸ್ಸಿನಲ್ಲಿ ಸರಿಯಾಗಿ ನಡುವಿನ ಸೀಟೇ ಆಗಬೇಕು. ಮುಂದಿನಿಂದ ಗುದ್ದಿದರೂ ಹಿಂದಿನಿಂದ ಗುದ್ದಿದರೂ ದೂರ ಒಂದೇ ಅಂತೆ! ಆ ಸೀಟಿನಲ್ಲಿ ಯಾರಾದರೂ ಕೂತಿದ್ದರೆ ಮುಂದಿನ ಬಸ್ಸು. ಒಮ್ಮೆ ನಿಡಘಟ್ಟದ ಮದುವೆಗೆ ಹೊರಟವರು ಹೀಗೆ ಮೂರು ಬಸ್ಸು ಬಿಟ್ಟು, ತಲುಪುವಷ್ಟರಲ್ಲಿ ಗಂಡು ಹೆಣ್ಣು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. "ಮುಹೂರ್ತ ತಪ್ಪುದ್ರೆ ತಪ್ಲಿ, ನಾನಂತೂ ಇಡಿಯಾಗಿ ಬಂದ್ನಲ್ಲ" ಎಂದು ಅತ್ತೆ ಎಲೆಯ ಮುಂದೆ ಕೂತರು.

ಇಂಥವರ ಕೈಗೆ ಕತ್ತರಿ ಕೊಟ್ಟ ಪುಣ್ಯಾತ್ಮರು ಯಾರೋ! ಆದರೆ ಕತ್ತರಿ ಕೈಗೆ ಬಂತೆಂದರೆ ಅತ್ತೆಯ ಭಯವೆಲ್ಲ ಎಲ್ಲಿ ಹೋಗಿ ಅಡಗುತ್ತದೋ ಗೊತ್ತಿಲ್ಲ. ನಾನು ಹುಟ್ಟುವ ಮೊದಲಿನಿಂದಲೂ ಅವರು ರವಿಕೆ ಹೊಲಿಯುತ್ತಾರೆ. ಅಳತೆಯ ಟೇಪು ಮುಟ್ಟಿದವರಲ್ಲ. ಬಂದ ಹೆಂಗಸನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಸರ್ರನೆ ಒಂದೇ ಗೆರೆ ಎಳೆದು ಕತ್ತರಿ ಆಡಿಸಿಬಿಡುತ್ತಾರೆ. ಆ ಗೆರೆ ತಪ್ಪಿದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅವರ ಅನ್ನ, ಅವರ ಜಂಬ ಎರಡೂ ಇದ್ದದ್ದು ಆ ಬಲಗೈಯಲ್ಲೇ.

ನನ್ನದೂ ಒಂಥರಾ ಕತ್ತರಿ ಕೆಲಸವೇ. ಮದ್ದೂರಿನ ನಮ್ಮ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಸಿನಿಮಾ ದೃಶ್ಯಗಳಲ್ಲಿರುವ ಮನುಷ್ಯರ ಸುತ್ತ ಗೆರೆ ಎಳೆದು ಅವರನ್ನು ಹಿನ್ನೆಲೆಯಿಂದ ಬಿಡಿಸಿ ಕೊಡುತ್ತೇನೆ. ಆಮೇಲೆ ಅವರನ್ನು ಬೆಟ್ಟದ ತುದಿಯಲ್ಲೋ ಚಂದ್ರನ ಮೇಲೋ ಕೂರಿಸುವುದು ಬೇರೆಯವರ ಪಾಡು. ಇದನ್ನು ವಿವರಿಸಿದಾಗ ಅತ್ತೆ "ಅಂದ್ರೆ ಕಟಿಂಗು ನಿಂದು, ಒಲಿಗೆ ಇನ್ನೊಬ್ಬರದು" ಎಂದರು. ಇಷ್ಟು ಚೆನ್ನಾಗಿ ನನಗೆ ಈ ಕೆಲಸ ಕಲಿಸಿದವರೂ ಹೇಳಿರಲಿಲ್ಲ.

ನಾನು ಇದಕ್ಕೆ ಬಳಸುವ ಸಾಫ್ಟ್‌ವೇರ್ ಮಾಡುವ ಕಂಪನಿಯವರು ಹೊಸದೇನಾದರೂ ಸೇರಿಸಿದಾಗ ನಮ್ಮಂಥ ಕೆಲವರಿಗೆ ಮೊದಲೇ ಕಳಿಸಿ, ತಪ್ಪಿದ್ದರೆ ಹುಡುಕಿಕೊಡಿ ಎನ್ನುತ್ತಾರೆ. ಅದಕ್ಕೆ ದುಡ್ಡೂ ಕೊಡುತ್ತಾರೆ, ನಮ್ಮ ಮನೆ ನಡೆಯುವುದು ಹೆಚ್ಚಾಗಿ ಆ ದುಡ್ಡಿನಲ್ಲೇ. ನನ್ನ ಕರ್ಮಕ್ಕೆ ನಾನು ಮುಟ್ಟಿದ್ದೆಲ್ಲ ಸರಿಯಾಗಿಯೇ ಇರುತ್ತಿತ್ತು! ಮೂರು ಸಲ ‘ಎಲ್ಲ ಚೆನ್ನಾಗಿದೆ’ ಎಂದು ಬರೆದು ಕಳಿಸಿದೆ. ನಾಲ್ಕನೆಯ ಸಲ ಅವರು ಬಹಳ ವಿನಯದಿಂದ, ಈ ಬಾರಿಯೂ ಏನೂ ಸಿಗದಿದ್ದರೆ ಪರೀಕ್ಷಕರ ಪಟ್ಟಿಯಿಂದ ನನ್ನ ಹೆಸರು ತೆಗೆಯುತ್ತೇವೆ ಎಂದರು. ಮನೆಯಲ್ಲೇ ಕೂತು ಮಾಡುವ ಕೆಲಸ ಇನ್ನೊಂದು ಎಲ್ಲಿ ಸಿಗುತ್ತದೆ? ಅತ್ತೆಯ ರಕ್ತವಲ್ಲವೇ, ಹೆದರಿಕೆಯಲ್ಲಿ ನನಗೂ ಧಾರಾಳವಾಗಿ ಪಾಲು ಬಂದಿದೆ.

ಈ ಸಲದ ಹೊಸತು ಏನಪ್ಪಾ ಅಂದರೆ, ಆಕಾರ ಬಿಡಿಸುವ ರೀತಿ. ಮೊದಲೆಲ್ಲ ಚುಕ್ಕಿ ಚುಕ್ಕಿ ಇಟ್ಟು ಸೇರಿಸಬೇಕಿತ್ತು. ಈಗ ಸ್ಲೇಟಿನಂಥ ಹಲಗೆಯ ಮೇಲೆ ಪೆನ್ನು ಎತ್ತದೆ ಒಂದು ಸುತ್ತು ಬಂದರೆ ಸಾಕು, ಆಕಾರ ತಾನೇ ಮೂಡುತ್ತದೆ. ಐದು ದಿನ ಗೀಚಿದೆ. ಎತ್ತು ಬಿಡಿಸಿದೆ, ಎತ್ತಿನ ಬಾಲ ಬಿಡಿಸಿದೆ, ಬಾಲದ ತುದಿಯ ಕೂದಲನ್ನೂ ಬಿಡಿಸಿದೆ. ಒಂದು ತಪ್ಪಾದರೂ ಸಿಗಬಾರದೇ? ಹಾಳಾದ್ದು ಬಲು ಸಂಭಾವಿತ ಸಾಫ್ಟ್‌ವೇರು! ಸೂಚನೆಗಳ ಕೊನೆಯಲ್ಲಿ, ಕಂಪ್ಯೂಟರ್ ಗೊತ್ತಿಲ್ಲದವರ ಕೈಯಲ್ಲೂ ಒಮ್ಮೆ ಎಳೆಸಿ ನೋಡಿ ಎಂದಿತ್ತು. ಅತ್ತೆಗೆ ಫೋನು ಮಾಡಿದೆ.

ಅತ್ತೆ ಬಂದರು. ಪೆನ್ನು ಶಾಕ್ ಹೊಡೆಯುವುದಿಲ್ಲ ಎಂಬುದನ್ನು ಮೊದಲು ನನ್ನ ಕೈಯಲ್ಲಿ ಮುಟ್ಟಿಸಿ ಖಚಿತ ಮಾಡಿಕೊಂಡರು. ಕಂಪನಿಯವರು ಕೊಟ್ಟ ದೃಶ್ಯದಲ್ಲಿ ಉದ್ದ ಕೋಟು ತೊಟ್ಟ ಹುಡುಗಿಯೊಬ್ಬಳು ಓಡುತ್ತಿದ್ದಳು. ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ, ಮನೆಯವರಿಗೆ ಗೊತ್ತೇ ಎಂದು ಅತ್ತೆ ವಿಚಾರಿಸಿದರು. ಯಾರೂ ಇಲ್ಲ, ಸುಮ್ಮನೆ ಓಡುತ್ತಿದ್ದಾಳೆ ಎಂದರೆ ಯಾರು ನಂಬುತ್ತಾರೆ? ಹುಡುಗಿಯನ್ನು ಪರದೆಯ ಮೇಲೆ ನಿಲ್ಲಿಸಿ ತೋರಿಸಿದ ಮೇಲೆಯೇ ಸಮಾಧಾನ. ಮೈಯಂಚಿಗೆ ಸರಿಯಾಗಿ ಎಳೆಯಿರಿ ಎಂದು ಹತ್ತು ಸಲ ಹೇಳಿದರೂ ಸುತ್ತಲೂ ಬೆರಳಗಲ ಜಾಗ ಬಿಟ್ಟೇ ಎಳೆದರು. ಯಾಕೆಂದು ಕೇಳಿದೆ.

"ಮದ್ವೆ ಆದ್ಮೇಲೆ ಮೈ ಬತ್ತದೆ ಕಣವ್ವ. ಆಗ ಬಿಚ್ಚಿ ಸಡ್ಲ ಮಾಡಕ್ಕೆ ಒಳ್ಗೆ ಬಟ್ಟೆ ಬ್ಯಾಡ್ವಾ?"

ಸರಿ, ಈ ಹುಡುಗಿ ದಪ್ಪಗಾಗುವುದಿಲ್ಲ ಎಂದು ಆಣೆ ಇಟ್ಟು ಇನ್ನೊಮ್ಮೆ ಎಳೆಸಿದೆ. ಈ ಸಲ ಅಂಚಿಗೇ ಬಂತು. ಆಗ ಕಂಡಿತು ನೋಡಿ! ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಹಲ್ಲು, ಕುಡುಗೋಲಿನ ಬಾಯಿಯ ಹಾಗೆ. ಮತ್ತೆ ಎಳೆಸಿದೆ, ಮತ್ತೆ ಹಲ್ಲು. ಅತ್ತೆಯ ಗೆರೆ ಎಂದಾದರೂ ಅಲುಗಿದ್ದುಂಟೇ? ಅಂದಮೇಲೆ ತಪ್ಪು ಸಾಫ್ಟ್‌ವೇರಿನದೇ! ಸಿಕ್ಕಿತಲ್ಲ, ಕೊನೆಗೂ ಸಿಕ್ಕಿತಲ್ಲ ಎಂದು ಕುಣಿದುಬಿಟ್ಟೆ. ಅತ್ತೆ ಪೆನ್ನು ಕೆಳಗಿಟ್ಟು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು.

"ಅದು ಮಿಸೀನಿಂದೇ ತಪ್ಪಾ?"

"ಮಿಷೀನಿಂದೇ ಅತ್ತೆ. ನಿಮ್ಮಿಂದ ನನ್ನ ಕೆಲಸ ಉಳೀತು."

"ಅಂಗಾರೆ ಸರಿ ಬುಡು" ಎಂದರು.

ಚಿತ್ರಗಳು, ಬಾಣದ ಗುರುತುಗಳು ಎಲ್ಲ ಸೇರಿಸಿ ಭರ್ಜರಿಯಾಗಿ ವರದಿ ಕಳಿಸಿದೆ. ಮೂರು ದಿನ ಉತ್ತರವಿಲ್ಲ. ನನಗೆ ಊಟ ಸೇರದು. ಅತ್ತೆಯೋ, ದಿನಕ್ಕೆ ನಾಲ್ಕು ಸಲ ಫೋನು ಮಾಡಿ ಅವರು ಒಪ್ಪಿಕೊಂಡರೇ ಎಂದು ಕೇಳುವುದು. ನನಗಿಂತ ಹೆಚ್ಚು ಅವರಿಗೇ ಕಳವಳವಾಗಿದೆ ಎಂದು ನಕ್ಕೆ. ನಾಲ್ಕನೆಯ ದಿನ ಒಂದೇ ಸಾಲಿನ ಉತ್ತರ ಬಂತು. ಅದೇ ಪೆನ್ನು, ಅದೇ ಹಲಗೆ, ಬೇರೆ ಬೇರೆ ಕೈಯಲ್ಲಿ ಎಳೆಸಿ ಕಳಿಸಿ ಎಂದಿದ್ದರು.

ನಾನು ಎಳೆದೆ. ಗೆರೆ ನುಣುಪಾಗಿ ಬಂತು. ಪಕ್ಕದ ಮನೆಯಾಕೆಯನ್ನು ಕರೆದು ಎಳೆಸಿದೆ. ಅದೂ ನುಣುಪು. ಅಯ್ಯೋ, ಕೆಲಸ ಹೋಯಿತಲ್ಲ ಎಂದು ಮೊದಲು ಸಿಟ್ಟೇ ಬಂತು. ಮೂವರ ಗೆರೆಗಳನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾ ಕೂತಾಗ ಒಂದೊಂದೇ ನೆನಪಾಗತೊಡಗಿತು. ಕಣ್ಣು ಮಂಜು ಎಂದು ಹೇಳಿ ಸೂಜಿಗೆ ದಾರ ಪೋಣಿಸಲು ಅತ್ತೆ ನನ್ನನ್ನು ಕರೆಯುತ್ತಿದ್ದದ್ದು. ಕಾಫಿ ಅರ್ಧ ಲೋಟ ಸಾಕು ಎನ್ನುತ್ತಿದ್ದದ್ದು, ಆ ಅರ್ಧ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಿದ್ದದ್ದು. ಕೆಲಸದ ಚಿಂತೆ ಎಲ್ಲಿ ಹೋಯಿತೋ!

ಮಧ್ಯಾಹ್ನದ ಬಸ್ಸಿಗೆ ಕೊಪ್ಪಕ್ಕೆ ಹೋದೆ. ಅತ್ತೆ ಹೊಲಿಗೆ ಮಿಷನ್ನಿನ ಮುಂದೆ ಸುಮ್ಮನೆ ಕೂತಿದ್ದರು. ಯಾರದೋ ರವಿಕೆಯ ಬಟ್ಟೆ ಕತ್ತರಿಸದೆ ಮಡಿಲಲ್ಲಿತ್ತು. ನನ್ನ ಮುಖ ನೋಡಿಯೇ "ಒಪ್ಕೊಳ್ನಿಲ್ವಾ?" ಎಂದರು.

ಇಲ್ಲ ಎಂದೆ. ಯಾವಾಗಿನಿಂದ ಕೈ ಹೀಗೆ ಎಂದು ಕೇಳಿದೆ. ಯುಗಾದಿಗೂ ಮೊದಲಿನಿಂದ ಎಂದರು. ಹಾಗಾದರೆ ಆವತ್ತು ಯಾಕೆ ಬಾಯಿ ಬಿಡಲಿಲ್ಲ, ಕಂಪ್ಯೂಟರಿನ ತಪ್ಪಲ್ಲ ಎಂದು ಯಾಕೆ ಹೇಳಲಿಲ್ಲ ಎಂದು ದಬಾಯಿಸಿದೆ.

"ನೀನು ಅಷ್ಟ್ ಖುಸಿಯಾಗಿ ಕುಣೀತಿದ್ದೆ. ನಿನ್ ಕೆಲ್ಸನಾದ್ರೂ ಉಳ್ಕತದಲ್ಲ ಅಂತ ಸುಮ್ಕಾದೆ ಕಣವ್ವ."

ಇನ್ನೂ ಬೈಯಬೇಕೆಂದು ಬಾಯಿ ತೆರೆದರೆ ಅಳು ಬಂತು. ಅಲ್ಲೇ ಕೂತು ಫೋನಿನಲ್ಲಿ, ನಿಮ್ಮ ಸಾಫ್ಟ್‌ವೇರಿನಲ್ಲಿ ತಪ್ಪಿಲ್ಲ, ವರದಿಯನ್ನು ವಾಪಸು ತೆಗೆದುಕೊಂಡಿದ್ದೇನೆ ಎಂದು ಕಂಪನಿಗೆ ಬರೆದು ಕಳಿಸಿದೆ. ಅತ್ತೆ ಗಾಬರಿಯಾಗಿ, ಮತ್ತೆ ನಿನ್ನ ಕೆಲಸದ ಗತಿಯೇನು ಎಂದರು. ಹೋದರೆ ಹೋಗಲಿ, ನಾಳೆ ಬೆಳಿಗ್ಗೆ ಮಂಡ್ಯಕ್ಕೆ ಹೋಗಿ ಡಾಕ್ಟರಿಗೆ ತೋರಿಸೋಣ ಎಂದೆ. ಅವರು ಮಡಿಲಿನ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

"ಇನ್ಮೇಕೆ ಎಳೆಯಕ್ಕೇ ಆಗಾಕಿಲ್ಲ ಅಂದ್ಬುಟ್ರೆ? ನಂಗೆ ಭಯ ಆಯ್ತದೆ ಕಣವ್ವ."

ನನಗೂ ಭಯ ಅತ್ತೆ ಎಂದೆ. ಪಕ್ಕದಲ್ಲಿ ಕೂತು ಆ ಕೈ ಹಿಡಿದುಕೊಂಡೆ. ಅದು ನಡುಗುವುದನ್ನು ನಿಲ್ಲಿಸಲಿಲ್ಲ. ನಾನೂ ಬಿಡಲಿಲ್ಲ.