ಮೋತಿ ಡೊಂಗರಿನ ರೊಟ್ಟಿ ಸರ್ವೆ

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಅಂಗಡಿ ಮೋಮೊ ಮಾರುವವನ ಪಾಲು ಎಂದು ಮಾಲೀಕ ಫೋನಿನಲ್ಲಿ ಗದರಿದ್ದೇ ಶಂಕರಲಿಂಗನ ಭಾನುವಾರ ಕೆಟ್ಟಿತು. ಗೋವಾದ ಮಡಗಾಂವಿನ ಮೋತಿ ಡೊಂಗರ್ ಗುಡ್ಡದ ಬುಡದ ಆ ಅಂಗಡಿಯಲ್ಲಿ ಜೋಳದ ರೊಟ್ಟಿ ಖಾನಾವಳಿ ತೆರೆಯಬೇಕೆಂದು ಅವನು ಕುಂಡಯಿಯ ಕಾರ್ಖಾನೆ ಕೆಲಸವನ್ನು ನಿನ್ನೆಯೇ ಬಿಟ್ಟಿದ್ದ. ಸುಮ್ಮನೆ ಬಿಟ್ಟಿದ್ದರೂ ಆಗಿತ್ತು. ಸೂಪರ್‌ವೈಸರನನ್ನು ಬಾಯಿತುಂಬ ಬೈದು ಬಂದಿದ್ದ. ಮತ್ತೆ ಆ ಗೇಟಿನೊಳಗೆ ಕಾಲಿಡುವಂತಿರಲಿಲ್ಲ.

ಅವನ ಧೈರ್ಯವೆಲ್ಲ ಮನೆಯಲ್ಲೇ ಇದ್ದ ಹೆಂಡತಿಯ ತಂಗಿ ಗೀತಾಂಜಲಿಯ ಕೈಯಲ್ಲಿತ್ತು. ಅವಳು ಬಡಿದ ರೊಟ್ಟಿ ಹಪ್ಪಳದಷ್ಟು ತೆಳು. ಹೆಂಡತಿ ಸತ್ಯವ್ವನ ರೊಟ್ಟಿಯನ್ನು ಗೋಡೆಗೆ ಎಸೆದರೆ ಗೋಡೆಗೇ ಪೆಟ್ಟು. ಇದನ್ನು ಅವನು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

"ತಿನ್ನಾವ್ರು ಅದಾರೋ ಇಲ್ಲೋ ಮದ್ಲ ತಿಳ್ಕೊಂಡ್ ಬರ್ರಿ. ಆಮ್ಯಾಲ ಮಾತು ಕೊಡ್ರಿ," ಎಂದಳು ಸತ್ಯವ್ವ.

ಬೀಚಿನಲ್ಲಿ ಮಣಿಸರ ಮಾರುವ ಗೆಳೆಯ ಇಲಿಯಾಸ ಉಪಾಯ ಹೇಳಿಕೊಟ್ಟ. "ದೊಡ್ಡ ಕಂಪನಿಯವ್ರು ಇದಕ್ಕ ಮಾರ್ಕೆಟ್ ಸರ್ವೆ ಅಂತಾರ, ಲಕ್ಷಗಟ್ಟಲೆ ಸುರೀತಾರ. ನಿನಗ ಒಂದ್ ಜೋಡಿ ಚಪ್ಪಲಿ ಸಾಕು. ಗುಡ್ಡದ ಮ್ಯಾಲ ನಮ್ಮ ಕಡೆ ಹುಡುಗ್ರು ಇರೂ ಖೋಲಿ ಖೋಲಿ ತಿರುಗಿ ಕೇಳು. ಖಾನಾವಳಿ ಅಂತ ಮಾತ್ರ ಅನಬ್ಯಾಡ, ಯಾರರ ನಿನಕಿಂತ ಮದ್ಲ ತಗೀತಾರ."

ಮೊದಲ ಖೋಲಿಯಲ್ಲಿ ಸಿಕ್ಕವನು ಮುತ್ತು. ಹತ್ತಿರದ ಕೆಪೆ ಊರಿನಲ್ಲಿ ಟೈಲ್ಸ್ ಹಾಕುವವನು, ರಜೆಯೆಂದು ಗೆಳೆಯರ ಬಳಿ ಬಂದಿದ್ದ. ಶಂಕರಲಿಂಗ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಯಾವ ಊರು? ಪಗಾರ ಎಷ್ಟು? ಕುಡಿಯುವ ಚಟ ಇದೆಯೇ? ಕುಡುಕರು ಉಂಡು ಉದ್ರಿ ಹೇಳುತ್ತಾರೆಂಬ ಭಯ ಅವನಿಗೆ.

"ರೊಟ್ಟಿ ಮಾಡಿಕೊಡಾವ್ರು ಯಾರರ ಅದಾರೇನಪಾ?"

"ಯಾರದಾರ್ರಿ ಅಣ್ಣಾರ? ನಾವ ಬಡ್ಕೋತೀವಿ. ಬ್ಯಾಸರಾತು ಅಂದ್ರ ಪಾವ್ ತಿಂದು ಮಲಗೂದು," ಎಂದ ಮುತ್ತು, ಯಾಕೋ ಅಂಗಿಯ ಗುಂಡಿ ಹಾಕಿಕೊಳ್ಳುತ್ತ.

ಹೊರಗೆ ನಲ್ಲಿಯ ಬಳಿ ಕೊಡ ತುಂಬಿ ಚೆಲ್ಲುತ್ತಿದ್ದರೂ ನೆರೆಯ ಹುಲಿಗೆಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಆ ಗುಡ್ಡದಲ್ಲಿ ಅವಳಿಗೆ ಗೊತ್ತಾದದ್ದು ಯಾರಿಗೂ ಗೊತ್ತಾಗದೆ ಉಳಿದದ್ದಿಲ್ಲ.

ಎರಡನೆಯ ಖೋಲಿಯಲ್ಲಿ ಚಹಾ ಕೊಟ್ಟರು. ಮೂರನೆಯದರಲ್ಲಿ ಕುರ್ಚಿ ಒರೆಸಿ, ಚುರುಮುರಿ ಒಗ್ಗರಣೆ ತಂದಿಟ್ಟರು. ನಾಲ್ಕನೆಯದರಲ್ಲಿ ಹುಡುಗರೆಲ್ಲ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ಹಾಕಿ ಸಾಲಾಗಿ ನಿಂತಿದ್ದರು. ಕೇಳುವ ಮೊದಲೇ ಒಬ್ಬ, "ಸೆರೆ ಅಂಗಡಿ ಮುಂದ ಹಾಯೂದಿಲ್ರಿ ನಾ," ಎಂದ. ಬಾಯಿಂದ ಫೆಣಿ ಸಾರಾಯಿಯ ವಾಸನೆ ಬರುತ್ತಿತ್ತು. ರೊಟ್ಟಿಗೆ ಇಷ್ಟು ಬರಗಾಲವೇ ಎಂದು ಶಂಕರಲಿಂಗನ ಕಣ್ಣು ತುಂಬಿ ಬಂತು. ಹೊತ್ತು ಇಳಿಯುತ್ತಿತ್ತು. ಅವನು ಗುಡ್ಡ ಇಳಿದು ಓಡಿ, ಮಾಲೀಕನ ಕೈಹಿಡಿದು ಮಾತು ಕೊಟ್ಟುಬಿಟ್ಟ.

ಮರಳಿ ಬಂದರೆ ಮನೆಯ ಮುಂದೆ ಚಪ್ಪಲಿಗಳ ರಾಶಿ. ಯಾರಿಗೋ ಏನೋ ಆಯಿತೆಂದು ಅವನು ಬಾಗಿಲಿಗೆ ಓಡಿದ. ಒಳಗೆ ಇಸ್ತ್ರಿ ಅಂಗಿಗಳೆಲ್ಲ ಒತ್ತಿಕೊಂಡು ಕೂತಿದ್ದವು. ಅದೇ ಗುಡ್ಡದಲ್ಲಿದ್ದ ಮುತ್ತುವಿನ ಸೋದರತ್ತೆ ದುರ್ಗಾಬಾಯಿ, ಸಂಬಂಧ ಕುದುರಿದರೆ ಬಾಯಿಗೆ ಹಾಕಲೆಂದು ಸಕ್ಕರೆಯ ಪುಡಿಕೆಯನ್ನೇ ತಂದಿದ್ದಳು.

"ತಂಗೀಗೆ ವರ ನೋಡಾಕ ಹೋಗಿದ್ರಂತ, ನನಗ ಒಂದ್ ಮಾತು ಹೇಳಬಾರದೇನ್ರಿ?" ಎಂದಳು ಸತ್ಯವ್ವ.

"ವರ? ನಾ ಖಾನಾವಳಿ ಇಡಾಕತ್ತೇನಿ. ಗಿರಾಕಿ ಅದಾರೇನು ಅಂತ ನೋಡಾಕ ಹೋಗಿದ್ದೆ!"

ಫೆಣಿ ವಾಸನೆಯವನು ಎದ್ದು ನಿಂತ. "ರೊಟ್ಟಿ ಮಾರಾಕ ನನ್ನ ಪಗಾರ ಯಾಕ ಬೇಕಾಗಿತ್ತು? ಊರು ಯಾಕ? ಚಟ ಯಾಕ?"

"ಮನ್ಯಾಗ ಲಗ್ನದ ಹುಡುಗಿ ಇಟ್ಕೊಂಡು ಇದನ್ನೆಲ್ಲ ಕೇಳಿದ್ರ ಮಂದಿ ಏನಂತ ತಿಳ್ಕೋಬೇಕ್ರಿ?" ಎಂದು ಬಾಗಿಲಲ್ಲಿ ನಿಂತ ಹುಲಿಗೆಮ್ಮ ಉಪ್ಪುಖಾರ ಹಚ್ಚಿದಳು. ಹುಡುಗರು ಒಬ್ಬೊಬ್ಬರಾಗಿ ಎದ್ದರು. ಶಂಕರಲಿಂಗ ಗೋಡೆಗೆ ಅಂಟಿಕೊಂಡ. ಏಟು ಬೀಳುವುದೊಂದು ಬಾಕಿ ಇತ್ತು, ಅಷ್ಟರಲ್ಲಿ ಗೀತಾಂಜಲಿ ಹಿಟ್ಟಿನ ಕೈಯಲ್ಲೇ ಒಳಗಿಂದ ಬಂದಳು.

"ರೊಟ್ಟಿ ನಾನ ಬಡ್ಕೋತೇನಿ ಅಂದಾವ್ರು ಯಾರು?"

ಮುತ್ತು ಅಂಜುತ್ತ ಕೈ ಎತ್ತಿದ. "ದಪ್ಪ ಆಗ್ತಾವ್ರಿ," ಎಂದ.

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಕೆಪೆದಾವ್ರು ನೀವೇನು? ಅಲ್ಲಿ ರೊಟ್ಟಿ ಖಾನಾವಳಿ ಎಷ್ಟ ಅದಾವು?"

"ಒಂದೂ ಇಲ್ರಿ."

"ನಮ್ಮ ಕಡೆ ಮಂದಿ?"

"ಎಲ್ಲಿ ನೋಡಿದ್ರೂ ಅವರ ಅದಾರ್ರಿ."

"ಮಾಮಾ, ಇವರಿಗೆ ಹೂಂ ಅನ್ರಿ," ಎಂದಳು ಗೀತಾಂಜಲಿ. "ಲಗ್ನ ಆದ ಮ್ಯಾಲ ಕೆಪೆದಾಗ ನಾನ ಖಾನಾವಳಿ ಇಡತೇನಿ. ಇವರಿಗೂ ಬಡ್ಯಾಕ ಬರ್ತೈತಿ."

ದುರ್ಗಾಬಾಯಿ ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಶಂಕರಲಿಂಗನ ಬಾಯಿ ತೆರೆದೇ ಇದ್ದುದರಿಂದ ಅವನಿಗೆ ಹಾಕುವುದು ಸುಲಭವಾಯಿತು. ಫೆಣಿಯವನು ಸಿಟ್ಟು ನುಂಗಿಕೊಂಡು ಚಪ್ಪಲಿ ಹುಡುಕುತ್ತ ಕೇಳಿದ: "ಹೋಗ್ಲಿ ಬಿಡ್ರಿ. ನಿಮ್ಮ ಖಾನಾವಳಿ ಯಾವಾಗ ಚಾಲೂ? ರೊಟ್ಟಿ ಬಡಿಯಾವ್ರು ಯಾರು?"

ಶಂಕರಲಿಂಗ ಗೀತಾಂಜಲಿಯತ್ತ ತಿರುಗುವಷ್ಟರಲ್ಲಿ ಸತ್ಯವ್ವ ಸೆರಗು ಸೊಂಟಕ್ಕೆ ಸಿಗಿಸಿ ಮುಂದೆ ಬಂದಳು.

"ಯಾಕ, ನಾ ಇಲ್ಲೇನು?"